ಬಚ್ಚಲಮನೆಯ ಕಪ್ಪು ಸಂದಿ: ಮಾಡಬೇಕಾದ್ದು, ಮಾಡಬಾರದ್ದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಟೈಲ್ಸ್ ಬಚ್ಚಲು ಇರುವವರು ಕೆಲಸ ಹಿಡಿಯುವ ಮೊದಲು ಇದನ್ನು ಓದಿ.

ಮಾಡಬಾರದ್ದು

ಕಪ್ಪಾದ ಸಂದಿಯ ಮೇಲೆ ಬಿಳಿ ಸಿಮೆಂಟು ಬಳಿಸಬೇಡಿ. “ಮ್ಯಾಲ ಒಂದ್ ಕೈ ಹೊಡದ್ರ ಹೊಸದಾಗತೈತ್ರಿ” ಎಂದು ಗೌಂಡಿ ಹೇಳಿದರೂ ಬೇಡ. ಬಿಳಿ ಸಿಮೆಂಟು ನೀರು ಹೀರುತ್ತದೆ, ಸೋಪಿನ ಜಿಡ್ಡು ಹಿಡಿಯುತ್ತದೆ. ಬೂಷ್ಟಿಗೆ ಅಷ್ಟು ಸಾಕು. ತೆಳ್ಳಗೆ ಬಳಿದದ್ದು ಚಕ್ಕೆಯಾಗಿ ಉದುರಿ ಹಳೆಯ ಕಪ್ಪು ಮತ್ತೆ ಕಾಣುತ್ತದೆ.

ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಲೇಬೇಡಿ. ಒಂದರ ಹಿಂದೆ ಇನ್ನೊಂದೂ ಬೇಡ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗೇಣಗಲದ ಕಿಟಕಿಯ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಬೋರಿನ ಸವಳು ನೀರು ಬಿಡುವ ಬಿಳಿ ಪದರಕ್ಕೆ ಆ್ಯಸಿಡ್ ಸುರಿಯುವ ರೂಢಿಯನ್ನೂ ಬಿಡಿ. ಅದು ಪದರದ ಜೊತೆ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ.

ಗೋಡೆ, ನೆಲ ಕೂಡುವ ಮೂಲೆಗೆ ಸಿಮೆಂಟು ತುಂಬಬೇಡಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನಿಂತ ಮನೆ ಕೂದಲೆಳೆಯಷ್ಟು ಅಲುಗಿದರೂ ಮೂಲೆಯ ಸಿಮೆಂಟು ಸೀಳುತ್ತದೆ, ಆ ಸೀಳಿನಲ್ಲಿ ನೀರು ಇಳಿಯುತ್ತದೆ. ಮೂಲೆಗೆ ರಬ್ಬರಿನಂತೆ ಬಾಗುವ ಸಿಲಿಕೋನ್ ಮಾತ್ರ.

ಸವದತ್ತಿಯವರು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಆಸುಪಾಸು ಈ ಕೆಲಸ ಹಿಡಿಯಬೇಡಿ. ಎಲ್ಲಮ್ಮನ ಗುಡ್ಡಕ್ಕೆ ಬಂದ ಬೀಗರು ನಸುಕಿನಿಂದಲೇ ಜಳಕಕ್ಕೆ ಸಾಲು ಹಚ್ಚಿರುವಾಗ ಸಂದಿ ಒಣಗುವುದು ಯಾವಾಗ?

ಮಾಡಬೇಕಾದ್ದು

ಮೊದಲು ನಾಣ್ಯದಿಂದ ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಥವಾ ಗೋಡೆಯ ಆಚೆ ಬದಿ ತೇವ ಕಂಡರೆ ಸಂದಿ ತುಂಬಿ ಉಪಯೋಗವಿಲ್ಲ. ಪೈಪು ತೋರಿಸಿ, ಟೈಲ್ಸ್ ಕೀಳಿಸಿ.

ಹಳೆಯ ಸಂದಿಯನ್ನು ಕನಿಷ್ಠ 3 ಮಿ.ಮೀ. ಆಳಕ್ಕೆ ಕೆರೆಯಿರಿ. ಹ್ಯಾಕ್ಸಾ ಬ್ಲೇಡಿನ ತುಂಡು ಸಾಕು. ಗ್ರೈಂಡರ್ ಟೈಲ್ಸ್ ಅಂಚನ್ನೂ ಒಡೆಯುತ್ತದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಹಳೆಯ ಸಿಲಿಕೋನ್ ಇದ್ದರೆ ಎಳೆಯೂ ಉಳಿಯದಂತೆ ಕೀಳಿ, ಅದರ ಮೇಲೆ ಹೊಸದು ಅಂಟುವುದಿಲ್ಲ. ಕೈಗವಸು ಹಾಕಿಕೊಂಡು ಬ್ಲೀಚಿಂಗ್ ನೀರು ಹಚ್ಚಿ 10 ನಿಮಿಷ ಬಿಟ್ಟು, ಬ್ರಶ್ಶಿನಿಂದ ತಿಕ್ಕಿ, ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ.

ಆಮೇಲೆ ಒಣಗಿಸಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಬೇಸಿಗೆಯಲ್ಲಿ 24 ಗಂಟೆ. ಮಳೆಗಾಲದಲ್ಲಿ, ಅದರಲ್ಲೂ ಕಿತ್ತೂರಿನ ಕಡೆ, ಫ್ಯಾನು ಹಚ್ಚಿ ಎರಡು ಮೂರು ದಿನ. ಅಲ್ಲಿಯವರೆಗೆ ಜಳಕ ಬೇರೆ ಕಡೆ.

ಟೈಲ್ಸ್ ನಡುವಿನ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ಬೆಲೆ ಹೆಚ್ಚು, ಆದರೆ ನೀರು ಕುಡಿಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸಬೇಕು, ಟೈಲ್ಸ್ ಮೇಲೆ ಮೆತ್ತಿದ್ದನ್ನು ಆಗಲೇ ಒರೆಸಬೇಕು, ಗಟ್ಟಿಯಾದರೆ ಬಿಡುವುದಿಲ್ಲ. ಮೂಲೆಯ ಎರಡೂ ಬದಿ ಟೇಪು ಹಚ್ಚಿ, ಬಚ್ಚಲಮನೆಗೆಂದೇ ಬರುವ ಬೂಷ್ಟು ತಡೆಯುವ ಸಿಲಿಕೋನ್ ಎಳೆದು, ಒದ್ದೆ ಬೆರಳಲ್ಲಿ ಸವರಿ, ಹಸಿ ಇರುವಾಗಲೇ ಟೇಪು ಕೀಳಿ. ಮತ್ತೆ 24 ಗಂಟೆ ನೀರು ಮುಟ್ಟಿಸಬೇಡಿ.

ಗೌಂಡಿಗೆ ಪೂರ್ತಿ ಹಣ ಅದರ ಮರುದಿನ ಕೊಡಿ, ಮೂಲೆಗೆ ನಾಲ್ಕು ತಂಬಿಗೆ ನೀರು ಸುರಿದು ನೋಡಿದ ಮೇಲೆ.