ಸೀಟು ಮೆತ್ತಗಿದ್ದರೆ ಸಾಲದು, ತಮ್ಮಾ

ತಮ್ಮಾ, ಈ ವರ್ಷ ಕರ್ಕಿಯಿಂದ ಹೊನ್ನಾವರದ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ ಅಂತ ನೀನು ಹೇಳಿದ್ದು ಕೇಳಿ ಬಹಳ ಸಂತೋಷವಾಯಿತು. ಹುರುಪಿನಿಂದ ಶುರುಮಾಡಿ, ಕೂತಲ್ಲಿ ನೋವು ಅಂತ ನಾಲ್ಕೇ ದಿನಕ್ಕೆ ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿದವರನ್ನು ಊರಲ್ಲಿ ಎಷ್ಟೋ ಕಂಡಿದ್ದೇನೆ. ನಿನಗೆ ಹಾಗಾಗಬಾರದು. ಅದಕ್ಕೇ ಸೀಟಿನ ವಿಷಯ ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಕೊಳ್ಳಬೇಡ. ಕೂತಾಗ ನಮ್ಮ ಭಾರ ಹೊರಬೇಕಾದದ್ದು ಮಾಂಸವಲ್ಲ, ಸೊಂಟದ ಎಲುಬಿನ ಕೆಳತುದಿಯಲ್ಲಿರುವ ಎರಡು ಗಂಟು. ಗಟ್ಟಿ ಮಣೆಯ ಮೇಲೆ ಕೂತು ಅತ್ತಿತ್ತ ಓಲಾಡಿದರೆ ಅವು ಎಲ್ಲಿ ಊರುತ್ತವೆ ಅಂತ ನಿನಗೇ ಗೊತ್ತಾಗುತ್ತದೆ. ಆ ಎರಡೂ ಸೀಟಿನ ಹಿಂಭಾಗದ ಮೇಲೆ ಪೂರ್ತಿ ಕೂರಬೇಕು. ಸೀಟು ಕಿರಿದಾದರೆ ಎಲುಬು ಅಂಚಿನಿಂದ ಜಾರಿ, ಭಾರವೆಲ್ಲ ಕಾಲುಗಳ ನಡುವಿನ ಮೆದುಜಾಗಕ್ಕೆ ಬೀಳುತ್ತದೆ. ನರ, ರಕ್ತನಾಳ ಹಾದುಹೋಗುವುದು ಅಲ್ಲೇ. ಜೋಮು ಹಿಡಿಯುವುದೂ ಅದರಿಂದಲೇ. ತೀರ ಅಗಲದ ಸೀಟಾದರೆ ತೊಡೆಯ ಒಳಮಗ್ಗುಲು ಉಜ್ಜುತ್ತದೆ. ನಮ್ಮ ಕರಾವಳಿಯ ಸೆಕೆಗೆ ಬೆವರೂ ಸೇರಿಕೊಂಡರೆ ಚರ್ಮ ಕಿತ್ತುಬರುವುದಕ್ಕೆ ಹೆಚ್ಚು ಹೊತ್ತು ಬೇಡ.

ದಪ್ಪನೆಯ ಜೆಲ್ ಕವರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಸಿಗುತ್ತಾರೆ. ಮೊದಲ ಎರಡು ಮೈಲಿ ಹಿತವಾಗಿಯೇ ಇರುತ್ತದೆ. ಆಮೇಲೆ ಎಲುಬು ಅದರೊಳಗೆ ಹುಗಿದು, ನಡುವಿನ ಭಾಗ ಉಬ್ಬಿ ನಿಂತು, ಅದೇ ಮೆದುಜಾಗವನ್ನು ಒತ್ತುತ್ತದೆ. ಸ್ವಲ್ಪ ಬಿಗಿಯಾದ ಸೀಟೇ ದೂರಕ್ಕೆ ಒಳ್ಳೆಯದು. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿ ಶುರುವಾದದ್ದು 1866ರಲ್ಲಿ. ಕೈಯಿಂದ ಒತ್ತಿದರೆ ಬಗ್ಗದ ಅದರ ಚರ್ಮದ ಸೀಟನ್ನು ದೂರ ಹೋಗುವವರು ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ಕೂತು ಕೂತು ಆ ಚರ್ಮ ಸವಾರನ ಎಲುಬಿನ ಜಾಗದಲ್ಲೇ ತಗ್ಗುತ್ತದೆ. ಆದರೆ ನಮ್ಮ ಮಳೆಗಾಲಕ್ಕೆ ಚರ್ಮ ತಾಳುವುದು ಕಷ್ಟ, ನಿನಗೆ ಅದು ಬೇಡ.

ಅಗಲ ಎಷ್ಟಿರಬೇಕು ಅಂತ ಮನೆಯಲ್ಲೇ ಅಳೆಯಬಹುದು. ಅಂಗಡಿಯಿಂದ ಸಾಮಾನು ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ, ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲೆ ಹಾಕು. ತೆಳ್ಳನೆಯ ಬಟ್ಟೆಯಲ್ಲಿ ಅದರ ಮೇಲೆ ಕೂತು, ಹಿಮ್ಮಡಿ ಎತ್ತಿ, ತುಸು ಮುಂದಕ್ಕೆ ಬಾಗು. ಎದ್ದಾಗ ಎರಡು ಕುಳಿ ಬಿದ್ದಿರುತ್ತವೆ. ಕಾಣದಿದ್ದರೆ ಮೇಲೆ ಸೀಮೆಸುಣ್ಣ ಉಜ್ಜಿ ನೋಡು. ಕುಳಿಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆ. ಹೆಚ್ಚಿನವರಿಗೆ 10ರಿಂದ 14 ಸೆಂ.ಮೀ. ಬರುತ್ತದೆ. ಅದಕ್ಕೆ 2-3 ಸೆಂ.ಮೀ. ಕೂಡಿಸಿದರೆ ನಿನ್ನ ಸೀಟಿನ ಅಗಲ. ನಿನ್ನ ಅಪ್ಪನ ಸೈಕಲ್ಲಿನಂತೆ ಬೆನ್ನು ನೆಟ್ಟಗಿಟ್ಟು ತುಳಿಯುವುದಾದರೆ ಇನ್ನೂ ಅಗಲ ಬೇಕು, ಕೆಳಗೆ ಸ್ಪ್ರಿಂಗ್ ಇದ್ದರೂ ಒಳ್ಳೆಯದೇ.

ದಪ್ಪಗಿರುವವರಿಗೆ ಅಗಲ ಸೀಟು, ಸಣ್ಣಗಿರುವವರಿಗೆ ಕಿರಿದು ಅನ್ನುವ ಲೆಕ್ಕ ತಪ್ಪು. ಎಲುಬಿನ ಅಂತರ ಮೈಕಟ್ಟಿನಿಂದ ತಿಳಿಯುವುದಿಲ್ಲ. ಹೆಣ್ಣುಮಕ್ಕಳಿಗೆ ಆ ಅಂತರ ಸಾಮಾನ್ಯವಾಗಿ ಹೆಚ್ಚು. ನಮ್ಮ ಸರ್ಕಾರ 2006-07ರಲ್ಲಿ ಶಾಲೆಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು ದೊಡ್ಡ ಕೆಲಸ. ಎಷ್ಟೋ ಹುಡುಗಿಯರು ಹೈಸ್ಕೂಲು ಬಿಡದೆ ಓದಿದ್ದಕ್ಕೆ ಅದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ. ಆದರೆ ಸಾವಿರಾರು ಮಕ್ಕಳಿಗೆ ಒಂದೇ ನಮೂನೆಯ ಸೀಟು ಬಂದರೆ ಎಲ್ಲರಿಗೂ ಹೊಂದುವುದು ಹೇಗೆ? ನಿನ್ನ ತಂಗಿಯೂ ನಿನ್ನ ಸೈಕಲ್ಲನ್ನೇ ತುಳಿಯುವವಳಾದರೆ ಅವಳ ಅಳತೆಯನ್ನೂ ತೆಗೆದುಕೊ. ವ್ಯತ್ಯಾಸ ಬಹಳ ಇದ್ದರೆ ಎರಡು ಸೀಟು ಇಟ್ಟುಕೊಳ್ಳಿ. ಬದಲಿಸುವುದಕ್ಕೆ ಒಂದು ಸ್ಪ್ಯಾನರ್ ಸಾಕು.

ಆಕಾರದಲ್ಲಿ ನೋಡಬೇಕಾದದ್ದು ಮೂತಿ ಕಿರಿದಾಗಿದೆಯೇ, ನಡುವೆ ಸೀಳೋ ತಗ್ಗೋ ಇದೆಯೇ ಅನ್ನುವುದು. ಜೋಮು ಹಿಡಿಯುವವರಿಗೆ ಸೀಳಿರುವುದು ಬಹಳ ಸಲ ಹೊಂದುತ್ತದೆ.

ಒಳ್ಳೆಯ ಸೀಟನ್ನು ತಪ್ಪಾಗಿ ಕೂರಿಸಿದರೂ ನೋವೇ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಹಾಗಿದ್ದರೆ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಸೀಟು ಎತ್ತರವಾದರೆ ಸೊಂಟ ಎಡಬಲಕ್ಕೆ ಒಲೆದು ಉಜ್ಜುತ್ತದೆ. ಮೂತಿ ಮೇಲೆ ಎದ್ದಿರಬಾರದು. ಮೊದಲು ನೆಲಕ್ಕೆ ಸಮವಾಗಿ ಇಟ್ಟು ನೋಡು. ಸೀಟಿನ ಪೈಪಿನ ಮೇಲೆ ಗೆರೆ ಕೊರೆದಿದ್ದರೆ ಅದು ಹೊರಗೆ ಕಾಣುವಷ್ಟು ಎತ್ತರಿಸಬೇಡ, ಪೈಪು ಮುರಿದೀತು. ಸಮುದ್ರದ ಗಾಳಿಗೆ ಬೋಲ್ಟು, ಸ್ಪ್ರಿಂಗು ಬೇಗ ತುಕ್ಕು ಹಿಡಿಯುತ್ತವೆ, ತಿಂಗಳಿಗೊಮ್ಮೆ ಎಣ್ಣೆ ಬಿಡು. ಮಳೆಯಲ್ಲಿ ನಿಲ್ಲಿಸುವಾಗ ಸೀಟಿಗೊಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಸ್ಪಂಜು ನೀರು ಕುಡಿಯುವುದಿಲ್ಲ.

ಹೊಸ ಸೀಟಿಗೆ ಎಲುಬಿನ ಜಾಗದಲ್ಲಿ ಒಂದೆರಡು ವಾರ ನೋವಿರುವುದು ಸಹಜ, ಅದು ಹೋಗುತ್ತದೆ. ಜೋಮನ್ನು ಮಾತ್ರ ಹಲ್ಲುಕಚ್ಚಿ ಸಹಿಸಬೇಡ. ದಾರಿಯಲ್ಲಿ ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲು, ಸೀಟು ಬದಲಿಸಿ ನೋಡು. ಆಮೇಲೂ ಜೋಮು ಬಿಡದಿದ್ದರೆ ಸೈಕಲ್ ನಿಲ್ಲಿಸಿ ಡಾಕ್ಟರಿಗೆ ತೋರಿಸು, ನಾಚಿಕೊಂಡು ಮುಚ್ಚಿಡಬೇಡ.