ಮಗನ ಮೌನವೂ ತಾಯಿಯ ಅಳುವೂ
ಸೋದರಿ,

ಅತ್ತೆಯವರು ಊರಿಗೆ ಮರಳಿದ ಬಳಿಕ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುನ್ನವೇ ಸೂರ್ಯನು ಅಸ್ತಂಗತನಾಗುವ ಲಂಡನ್ನಿನಲ್ಲಿ, ಮೂರೂವರೆ ವರ್ಷದ ಮಗನನ್ನೂ ಕೈಗೂಸನ್ನೂ ಇಟ್ಟುಕೊಂಡು ಏಕಾಕಿನಿಯಾಗಿ ದಿನ ಕಳೆಯುತ್ತಿರುವ ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆನು. ನರ್ಸರಿಯಲ್ಲಿ ಮಗನು ಮೌನಿಯಾಗಿರುವುದರಿಂದ ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರೆಂದು ನೆರೆಯವರು ಕೊಟ್ಟ ಸಲಹೆ ಸದುದ್ದೇಶದ್ದಾದರೂ ಸರಿಯಲ್ಲ. ಹೊಸ ನುಡಿಯ ನಡುವೆ ಬಂದು ನಿಂತ ಶಿಶುಗಳಲ್ಲಿ ಅನೇಕರು ಅದನ್ನು ಬಾಯಿಗೆ ತರುವ ಮೊದಲು ಕೆಲವು ತಿಂಗಳು ಕಿವಿಯಿಂದಲೇ ಸಂಗ್ರಹಿಸುವರು. ಕನ್ನಡದಲ್ಲಿಯೂ ಅವನ ಮಾತು ಕುಂಠಿತವಾಗಿದ್ದರೆ, ಎಳೆಯ ಮಕ್ಕಳ ಬೆಳವಣಿಗೆಯನ್ನು ನೋಡಿಕೊಳ್ಳುವ ದಾದಿಯಾದ ಹೆಲ್ತ್ ವಿಸಿಟರನ್ನು ಕಾಣಿರಿ.

ಮಗನಿಗಿಂತ ನಿಮ್ಮ ವಿಷಯವೇ ಗುರುತರವಾದುದು. ಕಾರಣವಿಲ್ಲದೆ ಅಳು ಬರುವುದೆಂದು ಪತ್ರದ ಕಡೆಯಲ್ಲಿ, ನಾಚಿಕೆಯಿಂದೆಂಬಂತೆ, ಸಣ್ಣ ಅಕ್ಷರಗಳಲ್ಲಿ ಬರೆದಿರುವಿರಿ. ಹೆರಿಗೆಯಾಗಿ ಎರಡು ವಾರ ಮೀರಿಯೂ ನಿಲ್ಲದ ಅಂಥ ಅಳುವು ಚಿಕಿತ್ಸೆಗೆ ಒಳಪಡುವ ವ್ಯಾಧಿಯಾಗಿರಬಹುದಾದ್ದರಿಂದ, ಅದನ್ನು ಸ್ವಭಾವದ ದೌರ್ಬಲ್ಯವೆಂದೆಣಿಸದೆ, ಈ ವಾರವೇ ನಿಮ್ಮ ಜಿ.ಪಿ. ವೈದ್ಯರಿಗೆ ತಿಳಿಸತಕ್ಕದ್ದು.

ಮೂರು ತುಂಬಿದ ಮುಂದಿನ ಶಾಲಾ ಅವಧಿಯಿಂದ ವಾರಕ್ಕೆ 15 ಗಂಟೆಗಳ ಉಚಿತ ನರ್ಸರಿ ನಿಮ್ಮ ಮಗನಿಗೆ ಸಲ್ಲುತ್ತದೆ. ಆ ಹೊತ್ತಿನಲ್ಲಿ ಅಡುಗೆಮನೆ ತೊಳೆಯದೆ ಮಲಗಿರಿ. ಭಾನುವಾರ ಥೇಮ್ಸ್ ನದಿಯ ದಂಡೆಗೆ, 2015ರಿಂದ ಲ್ಯಾಂಬೆತ್‌ನಲ್ಲಿರುವ ಬಸವಣ್ಣನವರ ಪ್ರತಿಮೆಯವರೆಗೆ, ಎಲ್ಲರೂ ನಡೆದುಹೋಗಿರಿ. ಕೂಸನ್ನು ನಿಮ್ಮ ಯಜಮಾನರು ಎತ್ತಿಕೊಳ್ಳಲಿ. ವೈದ್ಯರನ್ನು ಕಂಡ ಮೇಲೆ ನನಗೊಂದು ಸಾಲು ಬರೆಯಿರಿ.