ವ್ಯಾಲೇಸನ ದ್ವೀಪಯಾತ್ರೆ

1852ನೆಯ ಇಸವಿ ಆಗಸ್ಟ್ 6ರ ಬೆಳಗು. ಅಟ್ಲಾಂಟಿಕ್ ಮಹಾಸಾಗರದ ನಡುವೆ ‘ಹೆಲೆನ್’ ಎಂಬ ಹಾಯಿಹಡಗು ಇಂಗ್ಲೆಂಡಿನತ್ತ ಸಾಗುತ್ತಿತ್ತು. ಉಪಾಹಾರ ಮುಗಿದ ಸ್ವಲ್ಪ ಹೊತ್ತಿಗೆ ಕಪ್ತಾನನು ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಎಂಬ ತರುಣ ಪ್ರಯಾಣಿಕನ ಬಳಿಗೆ ಬಂದು, ಹಡಗಿಗೆ ಬೆಂಕಿ ತಗುಲಿದಂತಿದೆಯೆಂದು ತಿಳಿಸಿದನು. ನೋಡನೋಡುತ್ತಿದ್ದಂತೆ ಹೊಗೆಯು ಎಲ್ಲೆಡೆಯೂ ವ್ಯಾಪಿಸಿತು. ವ್ಯಾಲೇಸನು ಕೈಗೆ ಸಿಕ್ಕಿದ ಒಂದು ತಗಡಿನ ಪೆಟ್ಟಿಗೆಯಲ್ಲಿ ಮೀನುಗಳ ಹಾಗೂ ತಾಳೆಮರಗಳ ಚಿತ್ರಗಳನ್ನು ತುಂಬಿಕೊಂಡು ಹಗ್ಗ ಹಿಡಿದು ದೋಣಿಗೆ ಜಾರಿದನು. ಹಗ್ಗದ ಉಜ್ಜುವಿಕೆಗೆ ಅಂಗೈಗಳ ಚರ್ಮ ಸುಲಿದುಹೋಯಿತು. ಅಮೆಜಾನ್ ನದಿಯ ಕಾಡುಗಳಲ್ಲಿ ನಾಲ್ಕು ವರ್ಷ ಅಲೆದು ಕೂಡಿಸಿ, ತನ್ನೊಡನೆ ಒಯ್ಯುತ್ತಿದ್ದ ಕೀಟಗಳು, ಪಕ್ಷಿಗಳು, ದಿನಚರಿಗಳು ಎಲ್ಲವೂ ಅವನ ಕಣ್ಣೆದುರಿಗೇ ಭಸ್ಮವಾದವು. ಅವನು ಸಾಕಿ ತಂದಿದ್ದ ಪ್ರಾಣಿಗಳಲ್ಲಿ ಉಳಿದದ್ದು ನೀರಿಗೆ ಬಿದ್ದ ಒಂದು ಗಿಣಿ ಮಾತ್ರ. ಸೋರುವ ದೋಣಿಗಳಿಂದ ನೀರನ್ನು ಮೊಗೆದು ಚೆಲ್ಲುತ್ತ ಹತ್ತು ದಿನ ಕಳೆದ ಮೇಲೆ, ಬೇರೊಂದು ಹಡಗು ಅವರನ್ನು ರಕ್ಷಿಸಿತು.

ವ್ಯಾಲೇಸನು ಸಿರಿವಂತರ ಮಗನಲ್ಲ. ಜನನ 1823ರಲ್ಲಿ, ವೇಲ್ಸ್ ಪ್ರಾಂತದಲ್ಲಿ. ಮನೆಯ ಬಡತನದಿಂದಾಗಿ ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು, ಅಣ್ಣನೊಡನೆ ಭೂಮಾಪನದ ಕೆಲಸ ಮಾಡಿದವನು. ಅಮೆಜಾನಿಗೆ ಅವನನ್ನು ಅರಸಿ ಬಂದಿದ್ದ ತಮ್ಮನು 1851ರಲ್ಲಿ ಪಾರಾ ನಗರದಲ್ಲಿ ಹಳದಿ ಜ್ವರಕ್ಕೆ ತುತ್ತಾಗಿದ್ದನು. ಇಷ್ಟೆಲ್ಲವನ್ನೂ ಕಳೆದುಕೊಂಡವನು ಇನ್ನು ಮನೆಯಲ್ಲಿಯೇ ಉಳಿದಿದ್ದರೆ ಯಾರು ತಾನೆ ದೂರುತ್ತಿದ್ದರು? ಆದರೆ ಎರಡು ವರ್ಷ ತುಂಬುವ ಮೊದಲೇ, 1854ರ ಏಪ್ರಿಲಿನಲ್ಲಿ, ಅವನು ಸಿಂಗಪುರದ ಬಂದರಿನಲ್ಲಿ ಇಳಿದನು.

ಆ ನಗರವು ಅವನಿಗೆ ಒಂದು ವಿಚಿತ್ರಲೋಕದಂತೆ ತೋರಿತು. ಮಲಯ ದೋಣಿಗಾರರು, ಚೀನೀ ಅಂಗಡಿಕಾರರು, ಪಾರ್ಸಿ ವರ್ತಕರು, ಬಂಗಾಳದ ಅಗಸರು, ಜಾವಾ ದ್ವೀಪದ ನಾವಿಕರು ಹೀಗೆ ನಾನಾ ದೇಶದ ಜನರು ಅಲ್ಲಿ ನೆರೆದಿದ್ದರು. ನಗರದಾಚೆಯ ಬುಕಿತ್ ತಿಮಾ ಬೆಟ್ಟದ ಕಾಡಿನಲ್ಲಿ ಅವನು ಕೀಟಗಳನ್ನು ಹುಡುಕತೊಡಗಿದನು. ಒಂದು ಚದರ ಮೈಲಿಯಷ್ಟು ಪ್ರದೇಶದಲ್ಲಿಯೇ ಸುಮಾರು 700 ಬಗೆಯ ದುಂಬಿಗಳು ದೊರೆತವು! ಆದರೆ ಆ ಕಾಡಿನಲ್ಲಿ ಹುಲಿಗಳಿದ್ದವು. ಅವುಗಳನ್ನು ಹಿಡಿಯಲು ಅಲ್ಲಲ್ಲಿ ಆಳವಾದ ಗುಂಡಿಗಳನ್ನು ತೋಡಿ, ಮೇಲೆ ಕಡ್ಡಿ ಎಲೆಗಳನ್ನು ಹರಡಿರುತ್ತಿದ್ದರು. ದುಂಬಿಯ ಮೇಲೆ ನೆಟ್ಟ ಕಣ್ಣು ನೆಲವನ್ನು ಮರೆತರೆ, ಹುಲಿಗೆ ತೋಡಿದ ಗುಂಡಿ ಮನುಷ್ಯನಿಗೇ ಒದಗುವಂತಿತ್ತು. ಇಂದು ಆ ದ್ವೀಪದ ಕಾಡಿನಲ್ಲಿ ಒಂದು ಹುಲಿಯೂ ಇಲ್ಲ.

ವ್ಯಾಲೇಸನ ಜೀವನೋಪಾಯವು ತಾನು ಸಂಗ್ರಹಿಸಿದ ಮಾದರಿಗಳ ಮಾರಾಟವನ್ನೇ ಅವಲಂಬಿಸಿತ್ತು. ಆದುದರಿಂದ ಅವನು ಪ್ರಾಣಿಗಳನ್ನು ಬೇಟೆಯಾಡುತ್ತಿದ್ದನು. 1855ರಲ್ಲಿ ಬೋರ್ನಿಯೊ ದ್ವೀಪದಲ್ಲಿ ಒಂದು ಹೆಣ್ಣು ಒರಾಂಗುಟಾನನ್ನು ಗುಂಡಿಟ್ಟು ಕೆಡಹಿದನು. ಬಳಿ ಹೋಗಿ ನೋಡಿದರೆ, ಕೆಸರಿನಲ್ಲಿ ಅದರ ಹಸುಗೂಸು ಬಿದ್ದಿತ್ತು. ಎತ್ತಿಕೊಂಡೊಡನೆ ಆ ಮರಿಯು ಅವನ ಗಡ್ಡವನ್ನು ಬಿಗಿಯಾಗಿ ಹಿಡಿದುಕೊಂಡಿತು. ಹಾಲು ದೊರೆಯದ ಆ ಕಾಡಿನಲ್ಲಿ ವ್ಯಾಲೇಸನು ಅದಕ್ಕೆ ಅಕ್ಕಿಗಂಜಿಯ ತಿಳಿಯನ್ನು ಕುಡಿಸಿದನು. ಮಲಗಿಸಲು ಪೆಟ್ಟಿಗೆಯ ತೊಟ್ಟಿಲನ್ನು ಮಾಡಿದನು. ಅಪ್ಪಿಕೊಳ್ಳಲೆಂದು ಕೂದಲುಳ್ಳ ಎಮ್ಮೆಚರ್ಮದಿಂದ ಕೃತಕ ತಾಯಿಯನ್ನೇ ಕಟ್ಟಿಕೊಟ್ಟನು. ಆದರೂ ಸುಮಾರು ಮೂರು ತಿಂಗಳ ಬಳಿಕ ಮರಿಯು ಜ್ವರದಿಂದ ಸತ್ತಿತು. ತಾಯಿಯನ್ನು ಕೊಂದ ಕೈಯೇ ತಾಯಿಯಾಗಲು ಹೆಣಗಿತು; ಆದರೆ ಕಳೆದುದನ್ನು ಮರಳಿ ಕೊಡುವ ಶಕ್ತಿ ಅದಕ್ಕಿರಲಿಲ್ಲ.

1856ರಲ್ಲಿ ಬಾಲಿಯಿಂದ ಲೊಂಬೊಕ್ ದ್ವೀಪಕ್ಕೆ ದಾಟಿದಾಗ ಒಂದು ಸೋಜಿಗ ಕಾದಿತ್ತು. ಎರಡು ದ್ವೀಪಗಳೂ ಎದುರುಬದುರಾಗಿವೆ. ನಡುವೆ ಕಿರಿದಾದ ಜಲಸಂಧಿ. ಆದರೆ ಬಾಲಿಯಲ್ಲಿ ಕಂಡ ಮರಕುಟಿಗಗಳು ಲೊಂಬೊಕಿನಲ್ಲಿ ಕಾಣಲಿಲ್ಲ. ಅಲ್ಲಿ ಆಸ್ಟ್ರೇಲಿಯದ ಕಡೆಯ ಕಾಕಟೂಗಳಿದ್ದವು. ಏಷ್ಯ ಮತ್ತು ಆಸ್ಟ್ರೇಲಿಯದ ಜೀವಿಗಳನ್ನು ಬೇರ್ಪಡಿಸುವ ಈ ಗೆರೆಗೆ ಮುಂದೆ ‘ವ್ಯಾಲೇಸ್ ರೇಖೆ’ ಎಂಬ ಹೆಸರಾಯಿತು.

ಮರುವರ್ಷ ಅವನು ಮಕಾಸ್ಸರ್ ಪಟ್ಟಣದಿಂದ ನಾಡದೋಣಿಯೊಂದರಲ್ಲಿ ಸುಮಾರು ಸಾವಿರ ಮೈಲಿ ಕ್ರಮಿಸಿ ಆರು ದ್ವೀಪಗಳನ್ನು ಸೇರಿದನು. ‘ಆರು’ ಎಂಬುದು ಇಲ್ಲಿ ಸಂಖ್ಯೆಯಲ್ಲ, ಆ ದ್ವೀಪಸ್ತೋಮದ ಹೆಸರು. ಅಲ್ಲಿ ‘ರಾಜ ಸ್ವರ್ಗಪಕ್ಷಿ’ಯು ಅವನ ಕೈಸೇರಿತು. ಹೊಳೆಯುವ ಕೆಂಪು ಮೈ. ಬಾಲದಲ್ಲಿ ತಂತಿಯಂತಹ ಎರಡು ಗರಿಗಳು. ಅವುಗಳ ತುದಿಯಲ್ಲಿ ಸುರುಳಿಯಾದ ಹಸಿರು ಬಿಲ್ಲೆಗಳು! ಆನಂದದ ಆ ಗಳಿಗೆಯಲ್ಲಿಯೇ ಅವನ ಮನಸ್ಸನ್ನು ವಿಷಾದವೂ ಆವರಿಸಿತು. ಯಾವ ರಸಿಕನ ಕಣ್ಣಿಗೂ ಬೀಳದೆ ಎಷ್ಟು ಕಾಲದಿಂದ ಈ ಚೆಲುವು ಇಲ್ಲಿ ಅರಳಿತ್ತು! ನಾಗರಿಕ ಮನುಷ್ಯನು ಇಲ್ಲಿಗೆ ಬಂದನೆಂದರೆ, ಮೆಚ್ಚಬಲ್ಲ ಅವನಿಂದಲೇ ಇದು ಅಳಿಯಬಹುದು. ಹಾಗಾದರೆ ಜೀವರಾಶಿಯೆಲ್ಲ ಮನುಷ್ಯನಿಗಾಗಿಯೇ ಹುಟ್ಟಿದ್ದಲ್ಲವೆಂದು ಅವನಿಗೆ ದೃಢವಾಯಿತು.

1858ರಲ್ಲಿ ಜ್ವರದಿಂದ ಮಲಗಿದ್ದಾಗ, ಬದುಕಲು ಹೆಚ್ಚು ತಕ್ಕವಾದ ಜೀವಿಗಳು ಉಳಿದು, ಉಳಿದವು ಅಳಿಯುವುದರಿಂದ ಜೀವಜಾತಿಗಳು ಮಾರ್ಪಡುತ್ತವೆಂಬ ವಿಚಾರವು ಅವನಿಗೆ ಹೊಳೆಯಿತು. ಅದನ್ನು ಬರೆದು ಚಾರ್ಲ್ಸ್ ಡಾರ್ವಿನನಿಗೆ ಕಳುಹಿದನು. ಡಾರ್ವಿನನೂ ಸ್ವತಂತ್ರವಾಗಿ ಅದೇ ತತ್ತ್ವವನ್ನು ಕಂಡಿದ್ದನು. ಇಬ್ಬರ ಬರಹಗಳನ್ನೂ ಆ ವರ್ಷದ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ವ್ಯಾಲೇಸನು ಕರುಬಲಿಲ್ಲ, 1869ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥವನ್ನು ಡಾರ್ವಿನನಿಗೇ ಅರ್ಪಿಸಿದನು.

1862ರಲ್ಲಿ ಅವನು ತಾಯ್ನಾಡಿಗೆ ಮರಳಿದಾಗ ಎಂಟು ವರ್ಷಗಳ ಸಂಗ್ರಹವು 1,25,660 ಮಾದರಿಗಳಿಗೆ ಏರಿತ್ತು. ಈ ಬಾರಿ ಅವನೊಡನೆ ಎರಡು ಸ್ವರ್ಗಪಕ್ಷಿಗಳು ಜೀವಂತವಾಗಿದ್ದವು. ಮುಂಬಯಿಯಲ್ಲಿ ಅವಕ್ಕಾಗಿ ಬಾಳೆಹಣ್ಣು ಕೊಂಡು, ದಾರಿಯಲ್ಲಿ ಜಿರಲೆಗಳನ್ನು ಹಿಡಿದು ತಿನ್ನಿಸುತ್ತ, ಅವನು ಅವುಗಳನ್ನು ಲಂಡನ್ನಿಗೆ ತಲುಪಿಸಿದನು. ಹತ್ತು ವರ್ಷಗಳ ಹಿಂದೆ ಬೆಂಕಿಯು ಅವನ ಸಂಗ್ರಹವನ್ನು ಸುಟ್ಟಿತ್ತೇ ಹೊರತು, ಅರಿಯಬೇಕೆಂಬ ಹಂಬಲವನ್ನು ಸುಡಲಿಲ್ಲ. ಆ ಹಂಬಲದೊಡನೆ, ತಾನು ಅರಿತುದು ಉಳಿಯಬೇಕೆಂಬ ಕಳಕಳಿಯೂ ಅವನಲ್ಲಿ ಬೆಳೆದಿತ್ತು.